ಒಬ್ಬರ ಅಳತೆಯ ಒಲೆ

ಒಳ್ಳೆಯದು ಮಾಡಲು ಹೊರಟ ಮನುಷ್ಯನನ್ನು ಯಾರಾದರೂ ಮೊದಲೇ ಹಿಡಿದು ಒಂದು ಮೂಲೆಯಲ್ಲಿ ಕೂರಿಸಬೇಕು. ಕೆಟ್ಟದ್ದು ಮಾಡಲು ಹೊರಟವನಿಗೆ ಒಂದಿಷ್ಟಾದರೂ ಅಳುಕಿರುತ್ತದೆ. ಹಿಂದೆ ಮುಂದೆ ನೋಡುತ್ತಾನೆ, ಯಾರಾದರೂ ಕೆಮ್ಮಿದರೆ ನಿಲ್ಲುತ್ತಾನೆ, ನಾಯಿ ಬೊಗಳಿದರೆ ವಾಪಸ್ಸು ಹೋಗುವುದೂ ಉಂಟು. ಒಳ್ಳೆಯದು ಮಾಡುವವನಿಗೆ ಇಂಥ ಅಡ್ಡಿ ಒಂದೂ ಇಲ್ಲ. ಯಾರನ್ನೂ ಕೇಳದೆ ಎದೆಯುಬ್ಬಿಸಿಕೊಂಡು ನುಗ್ಗಿಬಿಡುತ್ತಾನೆ. ಆಮೇಲೆ ಆದ ಅನಾಹುತ ನೋಡಿ, ‘ನಾನು ಒಳ್ಳೆಯದಕ್ಕೇ ಮಾಡಿದ್ದು’ ಎಂದು ಅಳುಮುಖ ಮಾಡಿ, ಬರಬೇಕಾದ ಕನಿಕರವನ್ನೆಲ್ಲ ತಾನೇ ಬಾಚಿಕೊಳ್ಳುತ್ತಾನೆ. ಇದನ್ನು ಎಲ್ಲೋ ಓದಿ ಹೇಳುತ್ತಿಲ್ಲ. ಊಟ ಬಿಟ್ಟು ಸೊರಗುತ್ತಿದ್ದ ನನ್ನ ಅಣ್ಣನಿಗೆ ಎರಡು ತುತ್ತು ಹೆಚ್ಚು ತಿನ್ನಿಸಲು ಹೋಗಿ, ಅವನನ್ನು ಅವನ ಮನೆಯಿಂದಲೇ ಹೊರಗೆ ಹಾಕಿದವನು ನಾನು. ಅದಕ್ಕೆ ಜಗಳವಾಗಲಿ ಲಾಯರಾಗಲಿ ಬೇಕಾಗಲಿಲ್ಲ. ಒಂದು ಅಡಿ ಉದ್ದ, ಮುಕ್ಕಾಲು ಅಡಿ ಅಗಲದ ಒಂದು ಇದ್ದಿಲ ಒಲೆ ಸಾಕಾಯಿತು.

ಬಿಳಿಕೆರೆಯಲ್ಲಿ ಬಸ್ಸಿಳಿದು ಒಳಗೆ ಮೂರು ಮೈಲಿ ಬಂದರೆ ನಮ್ಮೂರು. ನಾನು ಹುಣಸೂರಿನ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಅಣ್ಣ ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವನು, ಜಮೀನೆಲ್ಲ ಅವನದೇ ಉಸ್ತುವಾರಿ. ಅವನು ಹೊಗೆಸೊಪ್ಪು ಬೆಳೆಯುತ್ತಾನೆ, ರಾಗಿ ಬೆಳೆಯುತ್ತಾನೆ. ನಾನು ಸಲಹೆ ಕೊಡುತ್ತೇನೆ. ನಾನು ಸಲಹೆ ಕೊಡಲು ಮರೆತ ವರ್ಷ ಬೆಳೆ ಚೆನ್ನಾಗಿ ಬರುತ್ತದೆ. ಅಣ್ಣ, ಅತ್ತಿಗೆ, ನಾನು, ನನ್ನ ಹೆಂಡತಿ ಸರೋಜ, ನಮ್ಮ ಮಗಳು, ಐದು ಜನ ಒಂದೇ ಮನೆಯಲ್ಲಿ ಒಂದೇ ಅಡುಗೆ ಉಂಡುಕೊಂಡು ಇದ್ದವರು. ಮಗಳು ಓದಲು ಮೈಸೂರಿನ ಹಾಸ್ಟೆಲಿಗೆ ಹೋದಳು. ಅಣ್ಣ ಅತ್ತಿಗೆಗೆ ಮಕ್ಕಳಿಲ್ಲ. ಹೋದ ವರ್ಷ ಅತ್ತಿಗೆ ಮೂರು ದಿನ ಜ್ವರ ಎಂದು ಮಲಗಿದರು, ನಾಲ್ಕನೆಯ ದಿನ ಏಳಲಿಲ್ಲ. ಇಷ್ಟು ಚಿಕ್ಕದಾಗಿ ಅದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಆದರೆ ಅದು ಆದದ್ದೂ ಅಷ್ಟೇ ಚಿಕ್ಕದಾಗಿ.

ನಮ್ಮ ಮನೆಯಲ್ಲಿ ಮೊದಲಿಂದಲೂ ಒಂದು ದೊಡ್ಡ ಇದ್ದಿಲ ಒಲೆ ಇದೆ. ಎಣ್ಣೆಯ ಡ್ರಮ್ಮನ್ನು ಉದ್ದುದ್ದ ಸೀಳಿ, ನಾಲ್ಕು ಕಬ್ಬಿಣದ ಕಾಲು ಕೊಟ್ಟು, ಮೇಲೆ ಹಳೆಯ ಕಿಟಕಿಯ ಜಾಲರಿ ಹಾಸಿ ಅಣ್ಣನೇ ಮಾಡಿಕೊಂಡದ್ದು. ಎಲ್ಲರೂ ಅದನ್ನು ಡ್ರಮ್ಮು ಎಂದೇ ಕರೆಯುವುದು. ಹೊಗೆಸೊಪ್ಪು ಬೇಯಿಸುವ ಕೋಣೆಯಾದ ಬ್ಯಾರನ್ನಿನ ಒಲೆಯಿಂದ ಕೆಂಡ ಎಳೆದು, ನೀರು ಚಿಮುಕಿಸಿ, ಇದ್ದಿಲು ಮಾಡಿ ಅಣ್ಣ ಚೀಲಗಟ್ಟಲೆ ಕೂಡಿಟ್ಟಿರುತ್ತಾನೆ. ಭಾನುವಾರ ಮಧ್ಯಾಹ್ನ ಮನೆಯ ಮುಂದೆ ಡ್ರಮ್ಮು ಹೊತ್ತಿಸಿದರೆ, ಲುಂಗಿ ಎತ್ತಿ ಕಟ್ಟಿ, ಕೈಯಲ್ಲಿ ಇಕ್ಕಳ ಹಿಡಿದು, ಎರಡು ನಾಟಿಕೋಳಿಯನ್ನು ಒಟ್ಟಿಗೆ ಸುಡುತ್ತಾ ನಿಂತ ಅಣ್ಣನ ಗತ್ತೇ ಬೇರೆ. ಆಚೆಮನೆಯವರು ಈಚೆಮನೆಯವರು ಬಂದು ನಿಲ್ಲುತ್ತಾರೆ. ಅಣ್ಣ ಯಾರಿಗೆ ಯಾವ ತುಂಡು ಎಂದು ಮುಖ ನೋಡಿ ತೀರ್ಮಾನಿಸುತ್ತಾನೆ. ನನಗೆ ಸದಾ ಕುತ್ತಿಗೆ ಬರುತ್ತದೆ.

ಅತ್ತಿಗೆ ಹೋದ ಮೇಲೆ ಅಣ್ಣ ಹಿತ್ತಿಲ ಕಡೆಯ ಕೋಣೆಗೆ ಹಾಸಿಗೆ ಬದಲಾಯಿಸಿದ. ದಿನಾ ನಮ್ಮ ಜೊತೆಗೇ ಊಟಕ್ಕೆ ಕೂರುತ್ತಿದ್ದ. ಆದರೆ ಎರಡು ತುತ್ತು, ಮೂರನೆಯದಕ್ಕೆ ಕೈ ತಟ್ಟೆಯಲ್ಲೇ ನಿಲ್ಲುತ್ತಿತ್ತು. ‘ಸಾಕು ಬುಡವ್ವ’ ಎಂದು ಸರೋಜಳಿಗೆ ಹೇಳಿ ಎದ್ದುಬಿಡುತ್ತಿದ್ದ. ಮುದ್ದೆ ಮುರಿದರೆ ಎರಡು ಸಲ ಬಡಿಸಿಕೊಳ್ಳುತ್ತಿದ್ದ ಆಳು. ಆರು ತಿಂಗಳಲ್ಲಿ ಅವನು ಬೆಲ್ಟಿಗೆ ಮೊಳೆಯಿಂದ ಮೂರು ಹೊಸ ತೂತು ಹಾಕಿದ. ಹುಣಸೂರಿಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದೆ. ಅವರು ರಕ್ತ, ಎದೆ ಎಲ್ಲ ನೋಡಿ, ‘ಕಾಯಿಲೆ ಏನೂ ಇಲ್ಲ, ಆದರೆ ಹೀಗೇ ತಿನ್ನದೆ ಇದ್ದರೆ ಬೇಗ ಬರುತ್ತದೆ’ ಎಂದರು. ಆವತ್ತು ವಾಪಸ್ಸು ಬಸ್ಸಿನಲ್ಲಿ ಅಣ್ಣನ ಮಣಿಕಟ್ಟು ನೋಡಿ ನನಗೆ ನಿಜವಾಗಿ ಭಯವಾಯಿತು. ಹೀಗೇ ಬಿಟ್ಟರೆ ಇವನೂ ಅತ್ತಿಗೆಯ ಹಿಂದೆಯೇ ಹೋಗುತ್ತಾನೆ ಎನಿಸಿತು.

ನಾನೂ ಕೈಕಟ್ಟಿ ಕೂತಿರಲಿಲ್ಲ. ಊಟದ ಹೊತ್ತಿನ ಬಿಗುವು ಸಡಿಲವಾಗಲೆಂದು ಏನಾದರೂ ತಮಾಷೆ ಮಾಡುತ್ತಿದ್ದೆ. ಮನೆಯೊಳಗೆ ತಮಾಷೆಗೆ ಸಿಗುವ ವಸ್ತು ಸಾಮಾನ್ಯವಾಗಿ ಹೆಂಡತಿಯ ಅಡುಗೆ. ಸರೋಜಳ ಸಾರಿನಲ್ಲಿ ಬೇಳೆ ಹುಡುಕಲು ಈಜು ಬರಬೇಕು, ಅವಳ ಚಪಾತಿಯಿಂದ ವೃತ್ತದ ಪಾಠ ಮಾಡಲು ಸಾಧ್ಯವೇ ಇಲ್ಲ, ಇಂಥವು. ನನಗೆ ಇವು ತಾನಾಗಿ ಬರುತ್ತವೆ. ತರಗತಿಯಲ್ಲಿ ಮಕ್ಕಳು ನಗುತ್ತಾರೆ. ಅಣ್ಣ ನಗಲಿಲ್ಲ. ಎದೆ ಭಾರವಾದವನು ಹೇಗೆ ನಕ್ಕಾನು ಎಂದುಕೊಂಡು ತಮಾಷೆಯನ್ನು ಇನ್ನೂ ಸ್ವಲ್ಪ ಹೆಚ್ಚಿಸಿದೆ.

ಇಷ್ಟರಲ್ಲಿ ಗಣಿತದ ಮೇಷ್ಟ್ರ ಕಣ್ಣಿಗೆ ಒಂದು ವಿಷಯ ಬಿತ್ತು. ಭಾನುವಾರ ಮಾತ್ರ ಅಣ್ಣ ಉಣ್ಣುತ್ತಿದ್ದ. ಡ್ರಮ್ಮಿನ ಮುಂದೆ ನಿಂತು ಸುಡುತ್ತಾ, ಎಲ್ಲರಿಗೂ ಕೊಡುತ್ತಾ, ತಾನೂ ನಾಲ್ಕು ತುಂಡು ತಿಂದು, ಒಂದು ಮುದ್ದೆ ಮುಗಿಸುತ್ತಿದ್ದ. ವಾರದ ಉಳಿದ ದಿನ ಇಲ್ಲ. ಡ್ರಮ್ಮು ಹೊತ್ತಿದ ದಿನ ಊಟ, ಹೊತ್ತದ ದಿನ ಉಪವಾಸ. ಆದ್ದರಿಂದ ಇದ್ದಿಲ ಕೆಂಡವೇ ಹಸಿವಿಗೆ ಕಾರಣ. ಸಾಧಿಸಲಾಯಿತು ಎಂದು ಬರೆದು ಕೆಳಗೆ ಗೆರೆ ಎಳೆಯುವುದಷ್ಟೇ ಬಾಕಿ. ದಿನಾ ಸಂಜೆ ಕೆಂಡ ಇದ್ದರೆ ಅಣ್ಣ ಬದುಕಿಕೊಳ್ಳುತ್ತಾನೆ ಎಂದು ನಾನು ನಿರ್ಧರಿಸಿದೆ. ಸೋಮವಾರ ಶಿವನಿಗೆ, ಶುಕ್ರವಾರ ಲಕ್ಷ್ಮಿಗೆ, ಶನಿವಾರ ಆಂಜನೇಯನಿಗೆ ಬಿಟ್ಟರೆ ಕೋಳಿಗೆ ಸಿಗುವುದು ಮಂಗಳವಾರ, ಬುಧವಾರ, ಗುರುವಾರ. ದೇವರ ದಿನಗಳಿಗೆ ಬದನೆಕಾಯಿ, ಗೆಣಸು, ಹಪ್ಪಳ ಇದ್ದೇ ಇವೆ.

ಮೊದಲ ಮಂಗಳವಾರ ಡ್ರಮ್ಮನ್ನೇ ಹೊತ್ತಿಸಿದೆ. ಅದಕ್ಕೆ ಅರ್ಧ ಚೀಲ ಇದ್ದಿಲು ಬೇಕು, ಅದು ಕೆಂಪಗಾಗಲು ಮುಕ್ಕಾಲು ಗಂಟೆ ಬೇಕು. ಅಷ್ಟು ದೊಡ್ಡ ಜಾಲರಿಯ ಮೇಲೆ ನಾನು ತಂದ ನಾಲ್ಕು ತುಂಡು ಕೋಳಿ ತಪ್ಪಿಸಿಕೊಂಡ ಕರುಗಳ ಹಾಗೆ ಒಂದೊಂದು ಮೂಲೆಯಲ್ಲಿ ನಿಂತಿದ್ದವು. ಇದರ ಮೇಲೆ ಡ್ರಮ್ಮಿನ ಹೊಗೆ ಎದ್ದದ್ದು ನೋಡಿ, ವಾರದ ನಡುವೆ ಏನು ವಿಶೇಷ ಎಂದು ಅಕ್ಕಪಕ್ಕದಿಂದ ಆರು ಜನ ಬಂದರು. ಒಬ್ಬರು ಬಾಳೆಹಣ್ಣು ಹಿಡಿದುಕೊಂಡೇ ಬಂದಿದ್ದರು. ಬಂದವರನ್ನು ಅಣ್ಣ ಹಾಗೇ ಕಳಿಸುವವನಲ್ಲ. ನಾಲ್ಕು ತುಂಡನ್ನು ಎಂಟು ಮಾಡಿ ಹಂಚಿ, ಕೈ ತೊಳೆದು, ‘ನಂಗೆ ಸಾಕು ಕಣೋ’ ಎಂದು ಹೋಗಿ ಮಲಗಿದ. ಅವನು ಒಂದು ಚೂರೂ ತಿಂದಿರಲಿಲ್ಲ. ಆಗಲೇ ನಿಶ್ಚಯವಾಯಿತು: ನಮಗೆ ಇನ್ನೊಂದು ಒಲೆ ಬೇಕು, ಚಿಕ್ಕದು, ಬೇಗ ಕಾಯುವಂಥದು, ಊರಿಗೆ ಗೊತ್ತಾಗದಂಥದು.

ಚಿಕ್ಕ ಒಲೆ ಆರಿಸುವುದು ಹೆಣ್ಣು ಗೊತ್ತು ಮಾಡುವುದಕ್ಕಿಂತ ಕಷ್ಟ ಎಂದು ಆಮೇಲೆ ತಿಳಿಯಿತು. ಸಂತೆಯಿಂದ ಮಣ್ಣಿನ ಅಗ್ಗಿಷ್ಟಿಕೆ ತಂದೆ. ಮೊದಲ ಕೆಂಡಕ್ಕೇ ಅದು ನಡುವೆ ಬಿರಿದು, ಕೆಂಡ ನನ್ನ ಚಪ್ಪಲಿಯ ಮೇಲೆ ಬಿತ್ತು. ಮಗಳು ಫೋನಿನಲ್ಲಿ ನೋಡಿ ಒಂದು ಮಡಚುವ ಒಲೆ ತರಿಸಿಕೊಟ್ಟಳು. ಅದು ಸೂಟ್‌ಕೇಸಿನ ಹಾಗೆ ಹಿಡಿಕೆ ಇಟ್ಟುಕೊಂಡು ಬಹಳ ಠೀವಿಯಿಂದ ಬಂತು. ಬೆಂಕಿ ಹಾಕಿದ ಕೂಡಲೆ ಅದರ ತಗಡು ಮಂಡಿನೋವಿನ ಮುದುಕನ ಹಾಗೆ ಒಂದು ಕಡೆಗೆ ವಾಲಿಕೊಂಡು ಬದನೆಕಾಯನ್ನು ಬೂದಿಗೆ ಉರುಳಿಸಿತು. ನಾನು ಸೋಲಲಿಲ್ಲ. ಶಾಲೆಯಿಂದ ಸ್ಕೇಲು, ಕೈವಾರ ಹಿಡಿದುಕೊಂಡು ಹೋಗಿ ಕೋಳಿಯಂಗಡಿಯಲ್ಲಿ ತೊಡೆಯ ತುಂಡಿನ ಉದ್ದ ಅಗಲ ಅಳೆದೆ. ಅಂಗಡಿಯವನು ಕತ್ತಿ ಕೆಳಗಿಟ್ಟು, ‘ಸರ್, ಯಾರಾದ್ರೂ ಕಂಪ್ಲೇಂಟ್ ಕೊಟ್ಟವ್ರಾ?’ ಎಂದು ಕೇಳಿದ. ನಾಲ್ಕು ತುಂಡು, ಒಂದು ಬದನೆಕಾಯಿ, ತಿರುಗಿಸಲು ಸ್ವಲ್ಪ ಜಾಗ. ಎಲ್ಲವನ್ನೂ ಗ್ರಾಫ್ ಹಾಳೆಯಲ್ಲಿ ಬರೆದುಕೊಂಡೆ. ಇಷ್ಟು ಶ್ರದ್ಧೆಯಿಂದ ನಾನು ನನ್ನ ಮನೆಯ ನಕ್ಷೆಯನ್ನೂ ನೋಡಿರಲಿಲ್ಲ.

ಹಾಳೆ ಹಿಡಿದು ಹುಣಸೂರಿನಲ್ಲಿ ತಗಡಿನ ಕೆಲಸ ಮಾಡುವ ರಹಮತ್ ಸಾಹೇಬರ ಬಳಿ ಹೋದೆ. ಬ್ಯಾರನ್ನಿನೊಳಗೆ ಬಿಸಿ ಹರಿಸುವ ದಪ್ಪ ಪೈಪುಗಳನ್ನು ನಮ್ಮ ಕಡೆಯ ಎಷ್ಟೋ ರೈತರಿಗೆ ಮಾಡಿಕೊಟ್ಟವರು ಅವರು. ಆ ಪೈಪಿನ ತುಂಡೊಂದನ್ನು ಸೀಳಿ ಒಲೆ ಮಾಡಿದರೆ ನನ್ನ ಕಾಲ ಮುಗಿಯುವವರೆಗೂ ಬಾಗುವುದಿಲ್ಲ ಎಂದರು. ಆಮೇಲೆ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದರು:

“ಎಷ್ಟ್ ಜನಕ್ಕೆ ಮೇಷ್ಟ್ರೇ?”

“ಒಬ್ಬರಿಗೆ.”

“ಒಬ್ರಿಗಾ?” ಎಂದು ಕನ್ನಡಕ ತೆಗೆದರು. “ನಲವತ್ತು ವರ್ಷದಿಂದ ತಗಡು ಬಡೀತಾ ಇದೀನಿ. ಒಬ್ರಿಗೆ ಅಂತ ಯಾರೂ ಮಾಡ್ಸಿಲ್ಲ. ತಗಡು ಇದೆ, ಎಂಟು ಪೀಸಿಗೆ ಮಾಡ್ಕೊಡ್ತೀನಿ. ನಾಕು ಕೈ ಬಿದ್ರೇನೇ ಊಟಕ್ಕೆ ಬರ್ಕತ್ತು ಮೇಷ್ಟ್ರೇ.”

“ಬೇಡ ಸಾಹೇಬ್ರೇ. ನಾನು ಎಲ್ಲಾ ಲೆಕ್ಕ ಹಾಕಿ ತಂದಿದ್ದೀನಿ.”

“ಲೆಕ್ಕ ನಿಮ್ದು ಸರಿ ಇರ್ತದೆ ಬುಡಿ, ನಾನೆಲ್ಲಿ ಓದಿದೀನಿ,” ಎಂದು ಅವರು ಕತ್ತರಿ ಎತ್ತಿಕೊಂಡರು. ಬುದ್ಧಿ ಹೇಳುವವರು ಸಿಗುವುದಿಲ್ಲ ಎಂದು ನಾವು ದೂರುತ್ತೇವೆ. ಸಿಕ್ಕಾಗ ಅವರಿಗೆ ಗ್ರಾಫ್ ಹಾಳೆ ತೋರಿಸುತ್ತೇವೆ.

ಒಲೆ ಸಿದ್ಧವಾದ ವಾರ ಸರೋಜ ಊರಲ್ಲಿರಲಿಲ್ಲ. ಪಿರಿಯಾಪಟ್ಟಣದಲ್ಲಿ ಅವಳ ತಾಯಿ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಿದ್ದರು, ನೋಡಿಕೊಳ್ಳಲು ಹತ್ತು ದಿನಕ್ಕೆ ಹೋಗಿದ್ದಳು. ಅವಳಿದ್ದಿದ್ದರೆ ನಾನು ಒಲೆಯನ್ನು ಹೊಸಿಲು ದಾಟಿಸುವ ಮೊದಲೇ ನಿಲ್ಲಿಸುತ್ತಿದ್ದಳು. ಬುಧವಾರ ಸಂಜೆ ಒಲೆಯನ್ನು ಗೋಣಿಯಲ್ಲಿ ಸುತ್ತಿ ತಂದು, ಸೀದಾ ಅಣ್ಣನ ಕೋಣೆಯ ಹಿಂಬಾಗಿಲ ಮುಂದೆ, ಹಿತ್ತಿಲಲ್ಲಿ ಎರಡು ಇಟ್ಟಿಗೆಯ ಮೇಲೆ ಕೂರಿಸಿದೆ. ಇದ್ದಿಲ ಚೀಲವನ್ನೂ ಪಕ್ಕಕ್ಕಿಟ್ಟೆ. ಅಣ್ಣನನ್ನು ಕೂಗಿದೆ. ಅವನು ಬಂದು ಒಲೆ ನೋಡಿದ, ನನ್ನನ್ನು ನೋಡಿದ, ಮತ್ತೆ ಒಲೆ ನೋಡಿದ.

“ಯಾರ್ಗ್ಲಾ ಇದು?”

“ನಿನಗೇ ಅಣ್ಣ. ನಿನಗೆ ಅಂತಲೇ ಹೇಳಿ ಮಾಡಿಸಿದ್ದು.”

“ಇಲ್ಲೇ ಮಡುಗ್ಬೇಕಾ?”

“ಇಲ್ಲೇ. ನಿನ್ನ ಬಾಗಿಲ ಮುಂದೆ. ನಿನಗೂ ಅನುಕೂಲ, ನಮಗೂ ಹೊಗೆ ಬರಲ್ಲ.”

ಅಣ್ಣ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ಹೆಗಲ ಮೇಲಿನ ಟವೆಲಿನಿಂದ ಜಾಲರಿಯನ್ನು ಒರೆಸಿದ. ಆಮೇಲೆ, “ಆಯ್ತು ಬುಡು. ಒಂದ್ ಪಾತ್ರೆ, ಒಂದ್ ತಟ್ಟೆ ಬೇಕಾಯ್ತದೆ. ಒಂದೀಟು ಅಕ್ಕಿ, ಉಪ್ಪು,” ಎಂದ.

ನನಗೆ ಆದ ಸಂತೋಷ ಹೇಳತೀರದು. ಆರು ತಿಂಗಳಿಂದ ಯಾವುದರಲ್ಲೂ ಆಸಕ್ತಿ ಇಲ್ಲದವನು ಬಾಯಿಬಿಟ್ಟು ಅಕ್ಕಿ ಕೇಳುತ್ತಿದ್ದಾನೆ! ಓಡಿಹೋಗಿ ಪಾತ್ರೆ, ತಟ್ಟೆ, ಲೋಟ, ಅಕ್ಕಿ, ಉಪ್ಪಿನ ಡಬ್ಬಿ, ಖಾರದಪುಡಿ ಎಲ್ಲವನ್ನೂ ಮೊರದಲ್ಲಿ ತುಂಬಿ ನಾನೇ ಎರಡೂ ಕೈಯಿಂದ ಕೊಟ್ಟೆ. ಅವನೂ ಎರಡು ಕೈಯಿಂದ ತೆಗೆದುಕೊಂಡ. ಆವತ್ತು ಅವನು ಅನ್ನ ಮಾಡಿಕೊಂಡು, ಒಂದು ಬದನೆಕಾಯಿ ಸುಟ್ಟುಕೊಂಡು, ಹಿತ್ತಿಲಲ್ಲೇ ಕೂತು ಪೂರ್ತಿ ಉಂಡ. ನಾನು ಅಡುಗೆಮನೆಯ ಕಿಟಕಿಯಿಂದ ಕದ್ದು ನೋಡಿ ಎಣಿಸಿದೆ, ಹನ್ನೊಂದು ತುತ್ತು. ಮರುದಿನವೂ ಅದೇ. ಅದರ ಮರುದಿನವೂ. ಸರೋಜಳಿಗೆ ಫೋನು ಮಾಡಿ, ‘ಅಣ್ಣ ಊಟ ಮಾಡ್ತಿದಾನೆ, ಹೇಗೆ ಅಂತ ಬಂದ ಮೇಲೆ ನೋಡು,’ ಎಂದು ಒಗಟಿಟ್ಟೆ. ನಾನು ಮಾಡಿದ ಉಪ್ಪಿಟ್ಟನ್ನು ಟಿವಿಯ ಮುಂದೆ ಕಾಲು ಚಾಚಿ ತಿನ್ನುತ್ತಾ, ಇಷ್ಟು ಹಗುರವಾಗಿ ಊಟ ಮಾಡಿ ಎಷ್ಟು ದಿನವಾಯಿತು ಎಂದುಕೊಂಡೆ. ಆ ಹಗುರ ಎಲ್ಲಿಂದ ಬಂತೆಂದು ಆಗ ಯೋಚಿಸಲಿಲ್ಲ.

ಭಾನುವಾರ ಅಣ್ಣ ಡ್ರಮ್ಮು ಹೊತ್ತಿಸಲಿಲ್ಲ. ಚಿಕ್ಕದು ಸಾಕಾಗಿರಬೇಕು ಎಂದುಕೊಂಡೆ. ಮುಂದಿನ ಬುಧವಾರ ನಾನು ಶಾಲೆಯಿಂದ ಬರುವ ಹೊತ್ತಿಗೆ ಭೇರ್ಯದಿಂದ ನಮ್ಮ ಸೋದರಮಾವ ಬಂದು ಜಗುಲಿಯಲ್ಲಿ ಕೂತಿದ್ದರು. ಎಂಬತ್ತರ ವಯಸ್ಸು. ಮದುವೆಗೂ ಬರದವರು. ಅಣ್ಣ ಕಂಬಕ್ಕೆ ಒರಗಿ ನಿಂತಿದ್ದ. ಮಾವ ನನ್ನನ್ನು ನೋಡಿದವರೇ, “ಬಾಪ್ಪ, ಓದ್ದೋನು. ಒಂದ್ ಮಾತು ನಂಗೆ ಏಳಕ್ಕಾಗ್ಲಿಲ್ವಾ?” ಎಂದರು. ಏನೆಂದು ನನಗೆ ಅರ್ಥವಾಗಲಿಲ್ಲ. “ಆಗಿದ್ದಾಯ್ತು. ಬಾವಿ ಇಬ್ಬರ್ಗೂ ಇರ್ಲಿ. ಕೆಳಗ್ಲ ಹೊಲ ದೊಡ್ಡೋನ್ಗೆ, ಮೇಗ್ಲದು ನಿಂಗೆ. ತೆಂಗಿನ ಮರದ್ದೇ ತಲೆನೋವು ನೋಡು, ಅದಿಮೂರವೆ. ಅದಿಮೂರ್ನೇದು ಯಾರ್ಗೆ? ಕಡ್ದ್‌ಬುಡಣ ಅಂದ್ರೆ ಫಲಕ್ಕೆ ಬಂದಿರೋ ಮರ.”

ಅಷ್ಟು ಹೊತ್ತಿಗೆ ಸರೋಜ ಕೈಯಲ್ಲಿ ಚೀಲ ಹಿಡಿದು ದಾರಿಯಲ್ಲಿ ಬರುವುದು ಕಾಣಿಸಿತು. ಪಿರಿಯಾಪಟ್ಟಣದಿಂದ ಬಂದು ಬಿಳಿಕೆರೆಯಲ್ಲಿ ಇಳಿದವಳು, ಅಲ್ಲಿಂದ ನಮ್ಮೂರಿನ ಆಟೋ ಹತ್ತಿದಾಗ ಪಕ್ಕದಲ್ಲಿ ಕೂತ ಹೆಂಗಸು, ‘ಭಾಗ ಆದ್ರಂತಲ್ಲವ್ವ, ಪಾಪ, ಹೆಂಡ್ರು ಸತ್ತೋನ್ನ ವರ್ಷ ತುಂಬಕ್ಕೂ ಬುಡ್ದಂಗೆ ಬ್ಯಾರೆ ಆಕ್‌ಬುಟ್ರಾ?’ ಎಂದು ಕೇಳಿದ್ದಳಂತೆ. ತನ್ನ ಮನೆ ಎರಡಾದ ಸುದ್ದಿಯನ್ನು ಆಟೋದಲ್ಲಿ ಕೇಳಿದ ಹೆಂಗಸಿನ ಮುಖ ಹೇಗಿರುತ್ತದೋ ಹಾಗಿತ್ತು ಅವಳ ಮುಖ. ಸೀದಾ ಹಿತ್ತಿಲಿಗೆ ಹೋಗಿ ಒಲೆ ನೋಡಿದಳು. ಬಂದು ನನ್ನನ್ನು ನೋಡಿದಳು. “ಪಾತ್ರೆ ತಟ್ಟೆ ಯಾರು ಕೊಟ್ರು?” ಎಂದಳು. “ನಾನೇ,” ಎಂದೆ. “ಅಕ್ಕಿ ಉಪ್ಪು?” “ನಾನೇ.”

ನನಗೆ ಆಗ ಬುದ್ಧಿ ಬಂತು. ಅಣ್ಣತಮ್ಮಂದಿರು ಬೇರೆಯಾದರು ಎನ್ನುವುದಕ್ಕೆ ನಮ್ಮ ಕಡೆ ಕಾಗದ ಪತ್ರ ಆಮೇಲೆ, ಗೋಡೆ ಆಮೇಲೆ. ಮೊದಲು ಆಗುವುದು ಒಲೆ. ಬೇರೆ ಹೋಗುವವನಿಗೆ ಒಂದು ಒಲೆ ಹೂಡಿಕೊಟ್ಟು, ಪಾತ್ರೆ, ತಟ್ಟೆ, ಅಕ್ಕಿ, ಉಪ್ಪು ಮೊರದಲ್ಲಿಟ್ಟು ಕೈಗೆ ಕೊಡುತ್ತಾರೆ. ಕೊಟ್ಟರೆ ಮುಗಿಯಿತು, ಮನೆಯ ಎರಡು ಕಡೆ ಹೊಗೆ ಎದ್ದದ್ದನ್ನು ಕಂಡು ಊರು ಒಪ್ಪಿಕೊಳ್ಳುತ್ತದೆ. ಇದು ನನಗೆ ಗೊತ್ತಿರಲಿಲ್ಲವೇ? ನಮ್ಮಪ್ಪನನ್ನು ದೊಡ್ಡಪ್ಪ ಬೇರೆ ಹಾಕಿದ ದಿನ ಆ ಮೊರ ಬಂದದ್ದನ್ನು ನಾನೂ ಅಣ್ಣನೂ ಪಕ್ಕಪಕ್ಕದಲ್ಲಿ ನಿಂತು ನೋಡಿದ್ದೆವು. ಅವ್ವ ಅತ್ತದ್ದನ್ನೂ ನೋಡಿದ್ದೆವು. ಅಣ್ಣ ನೆನಪಿಟ್ಟುಕೊಂಡಿದ್ದ. ನಾನು ಓದಿ ಮೇಷ್ಟ್ರಾದೆ.

ನಾನು ಜಗುಲಿಯ ಮೇಲೆ ನಿಂತು ವಿವರಿಸತೊಡಗಿದೆ. ಡಾಕ್ಟರು, ಬೆಲ್ಟಿನ ತೂತು, ಡ್ರಮ್ಮು, ತೊಡೆಯ ತುಂಡಿನ ಅಳತೆ, ಒಂದನ್ನೂ ಬಿಡಲಿಲ್ಲ. ಹೇಳುತ್ತಾ ಹೋದಂತೆ ನನಗೇ ಅದು ಸಿಕ್ಕಿಬಿದ್ದ ಕಳ್ಳನ ಕಥೆಯ ಹಾಗೆ ಕೇಳಿಸಿತು. ಗ್ರಾಫ್ ಹಾಳೆ ತರಲು ಒಳಗೆ ಹೊರಟಾಗ ಮಾವ, “ಕಾಗ್ದಾನೂ ಮಾಡ್ಸ್‌ಬುಟ್ಟಿದೀಯಾ?” ಎಂದು ಕಣ್ಣು ದೊಡ್ಡದು ಮಾಡಿದರು. ಅಷ್ಟರಲ್ಲಿ ಅಣ್ಣ ಮಾತಾಡಿದ. ಅವನ ದನಿಯಲ್ಲಿ ಸಿಟ್ಟು ಇದ್ದಿದ್ದರೆ ಚೆನ್ನಾಗಿತ್ತು.

“ಜಮೀನು ಗಿಮೀನು ನಂಗೇನೂ ಬ್ಯಾಡ ಮಾವ. ನಂಗೆ ಆ ಸಣ್ಣದು ಸಾಕು. ಡ್ರಮ್ಮು ಅವ್ರ್ಗೇ ಇರ್ಲಿ. ಅವ್ರ ಮನೆಗಾದ್ರೆ ಜನ ಬತ್ತಾರೆ, ನಂಗ್ಯಾರು ಬತ್ತಾರೆ?”

‘ಅವರ ಮನೆ’ ಎಂದ. ಇಷ್ಟು ವರ್ಷ ಬಾಳಿದ ಮನೆಯನ್ನು, ತಾನೇ ಮುಂದೆ ನಿಂತು ಹಂಚು ಹೊದಿಸಿದ ಮನೆಯನ್ನು. ನಾನು ಜಗುಲಿಯ ಮೇಲೇ ಕುಳಿತೆ. ಮಾವ ಮತ್ತೆ ತೆಂಗಿನ ಮರದ ಸುದ್ದಿ ಎತ್ತಿದರು. ಸರೋಜ ಅವರಿಗೆ ಕಾಫಿ ಕೊಟ್ಟು, “ಮಾವ, ಇಲ್ಲಿ ಯಾರೂ ಭಾಗ ಆಗಿಲ್ಲ, ನಿಮ್ಮ ಅಳಿಯ ದಡ್ಡತನ ಮಾಡಿದಾರೆ ಅಷ್ಟೇ. ಕತ್ತಲಾಗೋಕೆ ಮುಂಚೆ ಬಸ್ಸಿದೆ,” ಎಂದು ಕಳಿಸಿದಳು. ಮಾವ ಹೋಗುವಾಗ ಹದಿಮೂರನೆಯ ಮರವನ್ನು ಇನ್ನೊಂದು ಸಲ ನೋಡಿಕೊಂಡು ಹೋದರು.

ಆ ಸಂಜೆ ನಾನು ಒಲೆಯನ್ನು ಎತ್ತಿ ಬಾವಿಗೆ ಹಾಕುತ್ತೇನೆಂದು ಎದ್ದೆ. ಸರೋಜ ತಡೆದಳು. “ಕೊಟ್ಟ ಒಲೆ ಕಿತ್ಕೊಂಡ್ರೆ ಇನ್ನೇನ್ ಉಳೀತದೆ? ಅದನ್ನೂ ಕಿತ್ಕೊಂಡ್ರು ಅಂತಾರೆ. ಸುಮ್ನೆ ಕೂತ್ಕೊಳ್ಳಿ,” ಎಂದಳು. ಅವಳು ಅಡುಗೆಮನೆಯ ಗ್ಯಾಸು ಹೊತ್ತಿಸಲೇ ಇಲ್ಲ. ಅಕ್ಕಿ ತೊಳೆದ ಪಾತ್ರೆ, ನಾಲ್ಕು ಬದನೆಕಾಯಿ, ಮೂರು ತಟ್ಟೆ ಎತ್ತಿಕೊಂಡು ಹಿತ್ತಿಲಿಗೆ ಹೋಗಿ ಅಣ್ಣನ ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತಳು. “ಭಾವ, ಒಳಗೆ ಒಲೆ ಹಚ್ಚಿಲ್ಲ. ಇನ್ಮೇಲೆ ಹಚ್ಚಲ್ಲ. ಈ ಮನೇಲಿ ಉರಿಯೋದು ಇದೊಂದೇ. ನಮಗೂ ಇದರಲ್ಲೇ ಆಗ್ಬೇಕು,” ಎಂದಳು. ಅಣ್ಣ ಬಹಳ ಹೊತ್ತು ಕೆಂಡ ಊದಿದ. ಹೊಗೆಯಿಂದಲೋ ಏನೋ ಕಣ್ಣೊರೆಸಿಕೊಂಡು, ಅವಳ ಕೈಯಿಂದ ಅ‌ಕ್ಕಿಯ ಪಾತ್ರೆ ತೆಗೆದುಕೊಂಡ.

ಒಬ್ಬರ ಒಲೆಯಲ್ಲಿ ಮೂವರಿಗೆ ಅಡುಗೆಯಾಗಬೇಕಾದರೆ ಆರು ಗಂಟೆಗೆ ಶುರುಮಾಡಿದ್ದು ಎಂಟೂವರೆಗೆ ಮುಗಿಯುತ್ತದೆ. ಮೊದಲು ಅನ್ನ. ಅದು ಇಳಿದ ಮೇಲೆ ಬದನೆಕಾಯಿ, ಎರಡೆರಡೇ. ಕೋಳಿಯ ದಿನವಾದರೆ ನಾಲ್ಕು ತುಂಡು, ಆಮೇಲೆ ಇನ್ನು ನಾಲ್ಕು. ಅಣ್ಣ ಮೊದಲು ಸರೋಜಳಿಗೆ ಹಾಕುತ್ತಾನೆ, ಆಮೇಲೆ ತಾನು ತಿನ್ನುತ್ತಾನೆ, ಕೊನೆಗೆ ನನ್ನ ಸರದಿ. ಹಸಿದು ಕೂತು ಉಳಿದ ಇಬ್ಬರು ಅಗಿಯುವುದನ್ನು ನೋಡುವ ಈ ಶಿಕ್ಷೆಯ ಬಗ್ಗೆ ನಾನು ದೂರಲಿಲ್ಲ. ಹೀಗೆ ಎರಡು ವಾರ ಕಳೆಯಿತು. ಊರಿನ ಬಾಯಿ ನಿಧಾನಕ್ಕೆ ಮುಚ್ಚಿತು. ಅಣ್ಣ ಉಣ್ಣುತ್ತಿದ್ದ. ಆದರೆ ನನ್ನ ಜೊತೆ ಬೇಕಾದಷ್ಟೇ ಮಾತು.

ಒಂದು ಗುರುವಾರ ಸಂಜೆ ಸರೋಜ ಮಜ್ಜಿಗೆ ತರಲು ಒಳಗೆ ಹೋಗಿದ್ದಳು. ಅಣ್ಣ ಬದನೆಕಾಯಿ ತಿರುಗಿಸುತ್ತಾ, ನನ್ನ ಕಡೆ ನೋಡದೆ ಕೇಳಿದ:

“ನಿಜ ಏಳ್ಲಾ ಶಿವು. ನಾನು ಇಲ್ಲಿ ಉಣ್ಣಕ್ಕೆ ಸುರು ಮಾಡಿದ್‌ಮೇಲೆ ನಿಂಗೆ ಆಯಾಗಿತ್ತಾ?”

ಇಲ್ಲ ಎನ್ನಲು ಬಾಯಿ ತೆರೆದೆ. ಟಿವಿಯ ಮುಂದೆ ಕಾಲು ಚಾಚಿ ಉಪ್ಪಿಟ್ಟು ತಿಂದದ್ದು ನೆನಪಾಯಿತು. ಒಲೆಯನ್ನು ಮನೆಯ ಮುಂದೆ ಇಡಬಹುದಿತ್ತು. ಅಡುಗೆಮನೆಯ ಬಾಗಿಲಲ್ಲಿ ಇಡಬಹುದಿತ್ತು. ಇಟ್ಟದ್ದು ನನ್ನ ಕಣ್ಣಿಗೆ ಬೀಳದ ಜಾಗದಲ್ಲಿ. ಆರು ತಿಂಗಳಿಂದ ದಿನಾ ಆ ಮುಖ ಎದುರಿಗಿಟ್ಟುಕೊಂಡು ಉಣ್ಣುವುದು ನನಗೆ ಬೇಡವಾಗಿತ್ತು.

“ಹೂಂ ಅಣ್ಣ,” ಎಂದೆ. “ಹಾಯಾಗಿತ್ತು.”

ಬೈಯುತ್ತಾನೆ ಎಂದುಕೊಂಡೆ. ಅವನು ತಲೆಯಾಡಿಸಿದ. “ನಂಗೂ ಅಂಗೇ ಕಣ್ಲಾ. ನಿನ್ ಮಾತು ಕೇಳ್ದಂಗೆ ಉಂಡ್ರೆ ಅನ್ನ ಒಳಕ್ಕಿಳೀತಿತ್ತು.”

“ನನ್ನ ಮಾತಾ?”

“ಸಾರು ನೀರು, ಚಪಾತಿ ಸೊಟ್ಟ, ಅಂತ ದಿನಾ ಅವ್ಳ್ನ ಆಡ್ಕತಿದ್ಯಲ್ಲ. ನಾನೂ ನಿಮ್ಮತ್ಗೇನ ಅಂಗೇ ಅಂತಿದ್ದೆ. ಮೂವತ್ತೊರ್ಷ ಅಂದಿದೀನಿ. ಮುದ್ದೆ ಗಂಟು, ಉಪ್ಪೆಸ್ರು ಸಪ್ಪೆ, ಬಂದೋರ್ ಮುಂದೆಲ್ಲ. ಒಂದ್ ದಿನ ತಿರುಗಿ ಅನ್ನಲಿಲ್ಲ ಅವ್ಳು. ಜ್ವರ ಬಂದ್ ದಿನಾನೂ ಮುದ್ದೆ ತೊಳ್ಸಿದ್ಲು, ಅವತ್ತೂ ಅಂದೆ.” ಅವನು ಇಕ್ಕಳವನ್ನು ಜಾಲರಿಯ ಮೇಲಿಟ್ಟ. “ನೀನು ಬಾಯ್ ಬುಟ್ಟೇಟ್ಗೆ ನಂಗೆ ನನ್ ದನೀನೇ ಕೇಳುಸ್ತಿತ್ತು ಕಣ್ಲಾ. ಆಮೇಕೆ ಎಂಗ್ಲಾ ತುತ್ತು ಇಳೀತದೆ?”

“ಮತ್ತೆ ಭಾನುವಾರ?” ಎಂದೆ. ಆಗಲೂ ನನಗೆ ನನ್ನ ಪ್ರಮೇಯದ್ದೇ ಚಿಂತೆ.

“ಭಾನ್ವಾರ ಅಡ್ಗೆ ನಂದು. ನನ್ನಡ್ಗೇನ ಆಡ್ಕಣಕ್ಕೆ ನಿಂಗೆ ಧೈರ್ಯ ಎಲ್ಲದೆ?”

ಮೂರು ಒಲೆ ತಂದು, ಕೋಳಿಯ ಕಾಲು ಅಳೆದು, ಇದ್ದಿಲಿನ ಗುಣ, ತಗಡಿನ ದಪ್ಪ ಎಲ್ಲ ವಿಚಾರಿಸಿದ್ದೆ. ಅಣ್ಣನ ಗಂಟಲಿಗೆ ಅಡ್ಡ ನಿಂತದ್ದು ನನ್ನ ನಾಲಿಗೆ ಎಂದು ತಿಳಿಯಲು ಒಂದು ಪ್ರಶ್ನೆ ಸಾಕಿತ್ತು, ಅದೊಂದನ್ನು ಕೇಳಿರಲಿಲ್ಲ. ಅತ್ತಿಗೆಯ ಮುಖ ನೆನಪಾಯಿತು. ಬಡಿಸಿದ ಮೇಲೆ ಸೌಟು ಹಿಡಿದುಕೊಂಡೇ, ಯಾರು ಏನು ಅನ್ನುತ್ತಾರೋ ಎಂದು ಒಂದು ಗಳಿಗೆ ನಿಲ್ಲುತ್ತಿದ್ದರು. ಅಣ್ಣ ಅಂದಾಗ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ನಾನೇ.

ಅಣ್ಣ ತಟ್ಟೆಗಳಿಗೆ ಅನ್ನ, ಬದನೆಕಾಯಿ ಹಾಕುವ ಹೊತ್ತಿಗೆ ಸರೋಜ ಮಜ್ಜಿಗೆಯ ಚೆಂಬು ಹಿಡಿದು ಬಂದಳು. ಲೋಟಕ್ಕೆ ಬಗ್ಗಿಸಿ ಮೊದಲು ಅಣ್ಣನಿಗೆ, ಆಮೇಲೆ ನನಗೆ ಕೊಟ್ಟು, ತಾನು ಕುಳಿತುಕೊಳ್ಳದೆ ಚೆಂಬು ಹಿಡಿದುಕೊಂಡೇ ನಿಂತಳು. ನಾನು ಒಂದು ಗುಟುಕು ಕುಡಿದೆ. ಮಜ್ಜಿಗೆಯಲ್ಲಿ ನೀರು ಬಹಳ ಇತ್ತು. ಇಂಥ ಮಜ್ಜಿಗೆಗೆ ಹೇಳಬಹುದಾದ ಎರಡು ಮೂರು ಒಳ್ಳೆಯ ಮಾತುಗಳು, ಇಪ್ಪತ್ತೆರಡು ವರ್ಷದ ಅಭ್ಯಾಸದಿಂದ, ತಾವಾಗಿ ನಾಲಿಗೆಯ ತುದಿಗೆ ಬಂದು ನಿಂತವು. ಅಣ್ಣ ಕೈಯಲ್ಲಿ ತುತ್ತು ಹಿಡಿದು, ಬಾಯಿಗೆ ಹಾಕಿಕೊಳ್ಳದೆ, ನನ್ನನ್ನೇ ನೋಡುತ್ತಿದ್ದ. ಸರೋಜಳೂ ನೋಡುತ್ತಿದ್ದಳು. ಅವಳು ಯಾಕೆ ನಿಂತಿದ್ದಾಳೆಂದು ಇಷ್ಟು ವರ್ಷದಲ್ಲಿ ಮೊದಲ ಸಲ ನನಗೆ ತಿಳಿಯಿತು. ಲೋಟವನ್ನು ಎತ್ತಿ, ನಡುವೆ ಉಸಿರು ಬಿಡದೆ, ಪೂರ್ತಿ ಕುಡಿದು ಕೆಳಗಿಟ್ಟೆ. ಅಣ್ಣ ತುತ್ತನ್ನು ಬಾಯಿಗಿಟ್ಟುಕೊಂಡ.